ಹನ್ನೊಂದು ಜನ ಬಿಲ್ಗಾಗಳು

ತ್ಸಾದೋಕ್ ಬಿಲ್ಗಾ ಒಂದು ಕಡೆ ನೆಟ್ಟಗೆ ಕೂತಿದ್ದನ್ನು ಕೆರೆಮ್ ಹದಾಸ್ ಊರಿನಲ್ಲಿ ಯಾರೂ ನೋಡಿಲ್ಲ. ಊಟಕ್ಕೆ ಕೂತರೆ ಉಪ್ಪು ತರಲು ಏಳುತ್ತಾನೆ; ಉಪ್ಪು ಎದುರಿಗೇ ಇರುತ್ತದೆ. ಕೋಳಿಮನೆಯ ಬಾಗಿಲು ಹಾಕಿ ಬಂದವನು, ಹಾಕಿದೆನೋ ಇಲ್ಲವೋ ಎಂದು ಮತ್ತೆ ಹೋಗಿ ನೋಡಿ ಬರುತ್ತಾನೆ. ಹೆಂಡತಿ ಯೋನಾ ಇದ್ದಾಗ ಅಷ್ಟಿಷ್ಟು ಲಗಾಮಿತ್ತು. ಏಳು ವರ್ಷದ ಹಿಂದೆ ಅವಳು ತೀರಿಕೊಂಡ ಮೇಲೆ ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಆಗಿಬಿಟ್ಟ. ಇಡೀ ದಿನದಲ್ಲಿ ಅವನು ಅಲುಗದೆ ನಿಲ್ಲುತ್ತಿದ್ದದ್ದು ಒಂದೇ ಹೊತ್ತು. ಬೆಳಗಿನ ಪ್ರಾರ್ಥನೆಯಲ್ಲಿ ಚಪ್ಪಲಿ ಬಿಟ್ಟು, ಮೆಟ್ಟಿಲು ಹತ್ತಿ, ಶಾಲನ್ನು ತಲೆಯ ಮೇಲೆ ಎಳೆದುಕೊಂಡು, ಎರಡೂ ಕೈ ಚಾಚಿ ಊರಿಗೆಲ್ಲ ಆಶೀರ್ವಾದ ಮಾಡುವಾಗ.

ಏಕೆಂದರೆ ತ್ಸಾದೋಕ್ ಕೊಹೆನ್. ಆರೋನನ ಸಂತಾನ, ಹಳೆಯ ದೇವಾಲಯದ ಪುರೋಹಿತ ವಂಶ. ಯೆಮೆನ್ನಿನ ಬೇರೆ ಬೇರೆ ಬೆಟ್ಟಗಳಿಂದ ಬಂದ ಯೆಹೂದ್ಯರೆಲ್ಲ ಸೇರಿ ಕಟ್ಟಿದ ಈ ಊರಿಗೆ ಇದ್ದದ್ದು ಅದೊಂದೇ ಕೊಹೆನ್ ಮನೆ. ಧರ್ಮಗ್ರಂಥ ತೋರಾ ಓದಲು ಮೊದಲ ಕರೆ ಅವರಿಗೆ, ಮದುವೆ ಊಟದಲ್ಲಿ ಮೊದಲ ರೊಟ್ಟಿ ಅವರಿಗೆ. ಯಾರ ಮನೆಯಲ್ಲಿ ಚೊಚ್ಚಲ ಗಂಡು ಹುಟ್ಟಿದರೂ, ಬೆಳ್ಳಿ ಕೊಟ್ಟು ಮಗುವನ್ನು ದೇವರಿಂದ ಬಿಡಿಸಿಕೊಳ್ಳುವ ಶಾಸ್ತ್ರ ಅವರ ಕೈಯಲ್ಲೇ ಆಗಬೇಕು. ಮೊದಲು ಅಪ್ಪ ಯಿಹ್ಯಾ ಮಾಡುತ್ತಿದ್ದ, ಆಮೇಲೆ ತ್ಸಾದೋಕ್. ಹೆಸರೇ ಸಾಕ್ಷಿ ಹೇಳುತ್ತಿತ್ತು. ಬೈಬಲಿನ ಪೂರ್ವಕಾಲವೃತ್ತಾಂತದಲ್ಲಿ ದಾವೀದ ಅರಸ ಪುರೋಹಿತರಿಗೆ ಇಪ್ಪತ್ತನಾಲ್ಕು ಪಾಳಿ ಮಾಡಿಕೊಟ್ಟನಲ್ಲ, ಅದರಲ್ಲಿ ಹದಿನೈದನೆಯದು ಬಿಲ್ಗಾನ ಪಾಳಿ. ಲೆವಿ, ಮಿಜ್ರಾಹಿ ಅನ್ನುವವರು ಬೀದಿಗೆ ಹತ್ತು ಜನ ಸಿಗುತ್ತಾರೆ. ಬಿಲ್ಗಾ ಅನ್ನುವವರು ದೇಶಕ್ಕೆಲ್ಲ ಹತ್ತು ಜನ ಸಿಕ್ಕರೆ ಹೆಚ್ಚು. ಆ ಜಂಬ ತ್ಸಾದೋಕನಿಗೆ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಜಂಬಕ್ಕೆ ಮೊದಲ ಕಲ್ಲು ಹಾಕಿದವನು ಮಗ ಎವ್ಯಾತಾರ್. ಲಿಮೋರ್ ಎಂಬ ಹುಡುಗಿಯನ್ನು ಮೆಚ್ಚಿಕೊಂಡಿದ್ದ. ಒಳ್ಳೆಯ ಹುಡುಗಿ, ಗಟ್ಟಿ ನಗುವಿನವಳು. ಆದರೆ ಒಮ್ಮೆ ಮದುವೆಯಾಗಿ ವರ್ಷದೊಳಗೆ ವಿಚ್ಛೇದನ ಪಡೆದಿದ್ದವಳು. ಧರ್ಮಗುರುಗಳು ನಡೆಸುವ ಮದುವೆ ನೋಂದಣಿ ಕಚೇರಿಗೆ ಹೋಗಿ ಬಂದ ಎವ್ಯಾತಾರ್ ಕಾರಿನ ಬಾಗಿಲು ಧಡಾರನೆ ಹಾಕಿದ.

"ಏನಂದ್ರು?" ಎಂದ ತ್ಸಾದೋಕ್, ಮೊಟ್ಟೆಯ ತಟ್ಟೆಗಳನ್ನು ಎತ್ತಿಡುತ್ತ.

"ಇನ್ನೇನಂತಾರೆ? ಬಿಲ್ಗಾ ಅನ್ನೋ ಹೆಸರು ಕೇಳ್ತಿದ್ದ ಹಾಗೇ ಪೆನ್ನು ಕೆಳಗಿಟ್ಟ. ಕೊಹೆನ್ ಆದೋನು ವಿಚ್ಛೇದನ ಆದೋಳನ್ನ ಕಟ್ಕೊಳ್ಳೋ ಹಾಗಿಲ್ಲ, ಗೊತ್ತಿಲ್ವೇನಪ್ಪಾ ಅಂದ. ಗೊತ್ತು ಅಂದೆ. ಗೊತ್ತಿದ್ದೂ ಯಾಕೆ ಬಂದೆ ಅಂದ."

"ಸರಿಯಾಗೇ ಕೇಳಿದಾನೆ."

"ಲಿಮೋರ್‌ಗೆ ಅವರಮ್ಮನ ಅಂಗಳದಲ್ಲೇ ಚಪ್ಪರ ಹಾಕಿಸ್ಕೊಂಡು ಮದ್ವೆ ಆಗ್ಬೇಕು ಅಂತ ಆಸೆ, ಅದಕ್ಕೇ ಹೋದೆ. ಹೋಗ್ಲಿ ಬಿಡಿ. ಪರ್ಣಶಾಲೆ ಹಬ್ಬ ಮುಗೀಲಿ, ಸೈಪ್ರಸ್‌ಗೆ ಹೋಗಿ ಅಲ್ಲಿನ ಸರ್ಕಾರಿ ಕಚೇರೀಲಿ ಸಹಿ ಹಾಕಿ ಮದ್ವೆ ಆಗಿ ಬರ್ತೀವಿ."

"ಹಾಗೆ ಮಾಡಿದ್ರೆ ನೀನು ನನ್ನ ಪಕ್ಕ ನಿಂತು ಆಶೀರ್ವಾದ ಮಾಡೋ ಹಾಗಿಲ್ಲ ಕಣೋ. ನಿನ್ನ ಮಕ್ಕಳೂ ಅಷ್ಟೆ."

"ಗೊತ್ತು. ನೀವು ಬರೋದೂ ಬೇಡ ಅಪ್ಪ. ನಿಮ್ಮನ್ನ ಆ ಇಕ್ಕಟ್ಟಿಗೆ ಸಿಗಿಸಲ್ಲ."

ಮಗ ಕೂಗಾಡಿದ್ದರೆ ತ್ಸಾದೋಕ್ ಕೂಡ ಕೂಗಾಡಿ ಹಗುರಾಗುತ್ತಿದ್ದ. ಇದು ಹಾಗಲ್ಲ, ಮರ್ಯಾದೆಯಿಂದ ಹೊರಗೆ ಕಳಿಸಿದ ಹಾಗಿತ್ತು. ಹಿರಿಮಗನ ಮದುವೆಗೆ ಅಪ್ಪ ಬರುವುದು ಬೇಡ! ಅಂದು ಸಂಜೆಯವರೆಗೆ ಅವನು ಕೋಳಿಮನೆಗೂ ಮನೆಗೂ ಅಲೆದದ್ದನ್ನು ನೋಡಿ ಕೋಳಿಗಳಿಗೇ ಬೇಸರ ಬಂದಿರಬೇಕು.

ಎರಡನೆಯ ಕಲ್ಲು ಹಾಕಿದವಳು ತಾಯಿ ಬದ್ರಾ. ಶುಕ್ರವಾರ ಬೆಳಿಗ್ಗೆ ಅವಳು ಅಡಿಗೆಮನೆಯಲ್ಲಿ ಮೆಂತ್ಯ ನೆನೆಹಾಕಿ ಕುಟ್ಟುತ್ತಿದ್ದಳು. ಎಂಬತ್ತು ದಾಟಿದ ಹೆಂಗಸು, ಬಾಯಿ ಮಾತ್ರ ಹದಿನೆಂಟರದ್ದು.

"ಲೋ, ಕೂತ್ಕೊಳೋ. ನೀನು ಹೀಗೆ ಸುತ್ತಿದ್ರೆ ನಂಗೆ ತಲೆ ತಿರುಗುತ್ತೆ. ಏನಂತೆ ಹುಡುಗನ ವಿಷ್ಯ?"

"ಏನೂ ಮಾಡಕ್ಕಾಗಲ್ಲಮ್ಮ. ಕೊಹೆನ್ ಆಗಿ ಹುಟ್ಟಿದ್ಮೇಲೆ ಅನುಭವಿಸ್ಬೇಕು."

"ಯಾರು ಕೊಹೆನ್ ಆಗಿ ಹುಟ್ಟಿದ್ದು?" ಎಂದಳು ಬದ್ರಾ, ಕುಟ್ಟುವುದನ್ನು ನಿಲ್ಲಿಸದೆ. "ನಿಮ್ಮಪ್ಪ ಗಡಿಗೆ ಮಾಡೋನ ಮಗ. ನಿಮ್ಮ ತಾತ ಸಾಲೆಮ್ ಗಡಿಗೆ ಮಾಡ್ತಿದ್ದ, ಅವನಪ್ಪನೂ ಗಡಿಗೆ ಮಾಡ್ತಿದ್ದ. ಅವರೂರಲ್ಲಿ ಕೊಹೆನ್ ಬೇರೆಯೋನಿದ್ದ, ಕುಂಟ. ನಿಮ್ಮಪ್ಪನೇ ಹೇಳಿದ್ದು."

ಅಂದು ತ್ಸಾದೋಕ್ ನಿಜವಾಗಿಯೂ ಕೂತ.

"ಮತ್ತೆ ಬಿಲ್ಗಾ?"

"ಅದಾ? ಇಲ್ಲಿಗೆ ಬಂದಾಗ ಗುಡಾರದ ಶಿಬಿರದಲ್ಲಿ ಮನೆತನದ ಹೆಸರು ಹೇಳು ಅಂದ್ರಂತೆ. ಬೆಟ್ಟದಲ್ಲಿ ಯಾರಿಗಿತ್ತು ಮನೆತನದ ಹೆಸರು? ಸಾಲೆಮ್ ಮಗ ಯಿಹ್ಯಾ ಅಂದ್ರೆ ಆಗ್ತಿತ್ತು. ಹೀಬ್ರೂ ಹೆಸರೇ ಬೇಕು ಅಂದ್ರು. ಸಣ್ಣೋನಿದ್ದಾಗ ಪಾಳಿಗಳ ಪಾಠ ಒಪ್ಪಿಸುವಾಗ ಅವನ ಸರದಿಗೆ ಬಿಲ್ಗಾ ಬರ್ತಿತ್ತಂತೆ. ತಪ್ಪಿಲ್ದೆ ಹೇಳಿದ್ರೆ ಅವರಪ್ಪ ಒಂದು ಹಿಡಿ ಒಣದ್ರಾಕ್ಷಿ ಕೊಡ್ತಿದ್ನಂತೆ. ಬಾಯಿಗೆ ಅದೇ ಬಂತು, ಅದನ್ನೇ ಬರೆಸಿದ."

"ಆಶೀರ್ವಾದ ಮಾಡಕ್ಕೆ ಯಾಕೆ ಹತ್ತಿದ?"

"ಹತ್ತಿಸಿದ್ರು. ಈ ಊರಿಗೆ ಬಂದ ಮೊದಲ ಹಬ್ಬ. ಕೊಹೆನ್ ಒಬ್ನೂ ಇಲ್ಲ. ಆ ಸಅದ್ಯಾ ಮೇಷ್ಟ್ರು ಹೆಸರು ಕೇಳಿ, 'ಬಿಲ್ಗಾ ಅಂತೀಯ, ಇಲ್ಲಿ ಮೂಲೇಲಿ ಏನ್ ಕೂತಿದೀಯ, ಹತ್ತೋ' ಅಂತ ರಟ್ಟೆ ಹಿಡಿದು ಎಬ್ಬಿಸಿದ. ಹತ್ತೊಂಬತ್ತು ವರ್ಷದ ಹುಡುಗ, ಅಪ್ಪ ಅಮ್ಮ ದಾರೀಲೇ ಹೋಗಿದ್ರು. ಅವನನ್ನ ಅಲ್ಲೀವರೆಗೆ ಯಾರೂ ಯಾವುದಕ್ಕೂ ಮೊದಲು ಕರೆದಿರಲಿಲ್ಲ ಕಣೋ. ಹತ್ತಿಬಿಟ್ಟ. ಆಮೇಲೆ ಇಳಿಯೋದು ಹೇಗೆ ಅಂತ ಗೊತ್ತಾಗಲಿಲ್ಲ."

"ನೀನಾದ್ರೂ ಬಾಯಿ ಬಿಡಬಾರದಾಗಿತ್ತಾ?"

"ನಾನ್ಯಾಕೆ ಬಿಡ್ಲಿ? ಗಂಡನ ಮಾನ ಅಲ್ವಾ? ಈಗ ಮೊಮ್ಮಗನ ಮದ್ವೆ, ಬಿಟ್ಟೆ." ಮೆಂತ್ಯದ ಹಿಂಡಿಯನ್ನು ಬೆರಳಿಗೆ ಹಚ್ಚಿಕೊಂಡು ಮಗನ ಮುಂದೆ ಹಿಡಿದಳು. "ಉಪ್ಪು ಸಾಕಾ ನೋಡು."

ಬದ್ರಾಳಿಗೆ ಇದು ಇಷ್ಟೇ. ತ್ಸಾದೋಕನಿಗೆ ಮೈಮೇಲೆ ಇರುವೆ ಬಿಟ್ಟ ಹಾಗಾಯಿತು. ತಾನು ಕೊಹೆನ್ ಅಲ್ಲವಾದರೆ ಮಗನಿಗೆ ಅಡ್ಡಿಯೇ ಇಲ್ಲ. ಲಿಮೋರಳ ತಾಯಿಯ ಅಂಗಳದಲ್ಲಿ ನಾಳೆಯೇ ಚಪ್ಪರ ಹಾಕಬಹುದು. ಆದರೆ ಅದನ್ನು ಊರ ಮುಂದೆ ಹೇಳಬೇಕು. ಇಷ್ಟು ವರ್ಷ ಮಾಡಿದ ಆಶೀರ್ವಾದ ಗಾಳಿಗೆ ಹೋಯಿತು ಅನ್ನಬೇಕು. ಅಪ್ಪನೂ ಮಗನೂ ಸೇರಿ ಬಿಡಿಸಿಕೊಟ್ಟ ಚೊಚ್ಚಲ ಗಂಡುಗಳಲ್ಲಿ ಈಗ ತಾತಂದಿರಾದವರಿದ್ದಾರೆ. ಅವರೆಲ್ಲ ಮತ್ತೆ ಬೆಳ್ಳಿ ಹಿಡಿದು ನಿಜವಾದ ಕೊಹೆನ್‌ನನ್ನು ಹುಡುಕಿಕೊಂಡು ಹೋಗಬೇಕು. ಸತ್ತ ಅಪ್ಪನನ್ನು ಊರು ಏನೆಂದು ಕರೆಯಬಹುದು?

ಹೆಸರಿಗಾದರೂ ಬೇರೆ ಬೇರು ಇರಬಹುದೆಂಬ ಆಸೆಯಿಂದ ಅವನು ದೇಶದಲ್ಲಿ ಇನ್ಯಾರು ಬಿಲ್ಗಾಗಳಿದ್ದಾರೆಂದು ಹುಡುಕಿದ. ಹುಡುಕುವುದೇನು ಬಂತು! ತನ್ನ ಮನೆಯವರು, ಅಶ್ದೋದಿನ ತಮ್ಮನ ಮನೆಯವರು, ಅವರನ್ನು ಬಿಟ್ಟರೆ ಸಿಕ್ಕಿದ್ದು ಹೈಫಾದಲ್ಲಿ ಒಬ್ಬಳು ಹೆನ್ಯಾ ಬಿಲ್ಗಾ. ಫೋನು ಮಾಡಿದರೆ ಒಣಗಿದ ದನಿಯ ಮುದುಕಿ.

"ನೀವು ಕೊಹೆನ್ ಮನೆತನವಾ, ಅಮ್ಮಾ?"

"ನನ್ನ ಗಂಡನಾ? ಅವನು ದೇವರನ್ನೇ ನಂಬ್ತಿರಲಿಲ್ಲ ಕಣಯ್ಯಾ. ಪೋಲೆಂಡಿನಿಂದ ಒಬ್ನೇ ಬದುಕಿ ಬಂದ. ಸೈನ್ಯದಲ್ಲಿ ಹೀಬ್ರೂ ಹೆಸರಿಟ್ಕೋ ಅಂದ್ರು. ಬೈಬಲ್ ತಿರುವಿ, ಯಾರಿಗೂ ಬೇಡವಾದ ಹೆಸರು ಯಾವುದು ಅಂತ ಕೇಳಿ ಇಟ್ಕೊಂಡ."

"ಬೇಡವಾದದ್ದು ಅಂದ್ರೆ?"

"ನೀನು ಬಿಲ್ಗಾ ಆಗಿಯೂ ಗೊತ್ತಿಲ್ವಾ? ಆ ಪಾಳಿಯ ಒಬ್ಳು ಮಗಳು ಧರ್ಮ ಬಿಟ್ಟುಹೋಗಿ, ಬಲಿಪೀಠಕ್ಕೇ ಚಪ್ಪಲೀಲಿ ಹೊಡೆದ್ಳಂತೆ. ಅದಕ್ಕೆ ದೇವಾಲಯದಲ್ಲಿ ಆ ಪಾಳಿಯೋರು ಕತ್ತಿ ಇಡೋ ಗೂಡನ್ನೇ ಮುಚ್ಚಿಸಿದ್ರಂತೆ. ನಿಜವಾದ ಕೊಹೆನ್ ಯಾರಾದ್ರೂ ಆ ಹೆಸರು ಹೊತ್ಕೊಂಡು ತಿರುಗ್ತಾನಾ?" ಮುದುಕಿ ಕೆಮ್ಮುತ್ತ ನಕ್ಕಳು. "ನಮಗೆ ಮಕ್ಕಳಾಗಲಿಲ್ಲ. ನೀವು ಎಷ್ಟು ಜನ ಇದ್ದೀರಿ?"

"ಹತ್ತು."

"ನಾನು ಸೇರಿ ಹನ್ನೊಂದು. ನಾನು ಹೋದ್ಮೇಲೆ ಹೆಸರು ನಿಮ್ಮದೇ ಆಯ್ತು. ಹುಷಾರು."

ಬೇರು ಹುಡುಕಲು ಹೋದವನಿಗೆ ಸಿಕ್ಕಿದ್ದು ಇಬ್ಬರು ಒಂಟಿ ಹುಡುಗರು, ಹೆಸರಿಲ್ಲದ ಹೊತ್ತಿನಲ್ಲಿ ಒಂದೇ ಹೆಸರಿಗೆ ಕೈ ಹಾಕಿದವರು. ತ್ಸಾದೋಕನಿಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಮಾಡುವುದೆಂದು ಮಾತ್ರ ತಿಳಿಯಲಿಲ್ಲ.

ಸಅದ್ಯಾ ಮೇಷ್ಟ್ರು ಇನ್ನೂ ಇದ್ದರು, ಹಾಸಿಗೆ ಹಿಡಿದು. ಅವರನ್ನು ನೋಡಲು ಹೋದ.

"ಮೇಷ್ಟ್ರೇ, ನಮ್ಮಪ್ಪ ಕೊಹೆನ್ ಅಲ್ಲ ಅಂತ ನಿಮಗೆ ಗೊತ್ತಿತ್ತಾ?"

"ಕೇಳಲಿಲ್ಲ ಮಗಾ. ನಮಗೊಬ್ಬ ಕೊಹೆನ್ ಬೇಕಾಗಿತ್ತು. ಕೇಳಿದ್ರೆ ಇಲ್ಲ ಅಂದುಬಿಡ್ತಾನೇನೋ ಅಂತ ಭಯ."

"ಈಗ ನಾನೇನು ಮಾಡ್ಲಿ? ಕಚೇರಿಗೆ ಹೋಗಿ ಹೇಳ್ಲಾ?"

"ನಂಬ್ತಾರಾ? ಬೆಳಿಗ್ಗೆ ಹತ್ತಿ ಕೈ ಚಾಚ್ತೀಯ, ಮಧ್ಯಾಹ್ನ ಹೋಗಿ ನಾನಲ್ಲ ಅಂತೀಯ. ಮೊದಲು ಊರ ಮುಂದೆ ಇಳಿ. ನಾನು ಹತ್ತಿಸಿದ್ದು ಊರ ಮುಂದೇನೇ." ಅಷ್ಟು ಹೇಳಿ ಕಣ್ಣು ಮುಚ್ಚಿದರು.

ಹೇಳುವುದು ಸುಲಭ. ಮರುದಿನ ಬೆಳಿಗ್ಗೆ ಆಶೀರ್ವಾದದ ಹೊತ್ತು ಹತ್ತಿರವಾದಂತೆ ತ್ಸಾದೋಕ್ ಕಿಸೆಯ ಫೋನಿಗೆ ಕೈ ಹಾಕಿ, ಕೋಳಿಮನೆಯ ಫ್ಯಾನು ನಿಂತಿದೆಯಂತೆ ಎಂದು ಗೊಣಗಿ ಸಭಾಮಂದಿರದಿಂದ ಹೊರಗೆ ಓಡಿದ. ಅದರ ಮರುದಿನ ಬೆನ್ನುನೋವು. ಮತ್ತೊಂದು ದಿನ ನೀರಿನ ಪೈಪು. ಮೇಷ್ಟ್ರ ಮಗ ರಹಾಮಿಮ್ ಸಭಾಮಂದಿರದ ಉಸ್ತುವಾರಿಯವನು. ಅವನು ಬಾಗಿಲಲ್ಲಿ ಅಡ್ಡಗಟ್ಟಿದ.

"ಏನಯ್ಯಾ, ನಿನ್ನ ಕೋಳಿಗಳಿಗೆಲ್ಲ ಆಶೀರ್ವಾದದ ಹೊತ್ತಿಗೇ ಕಾಯಿಲೆ ಬರುತ್ತಾ?"

ತ್ಸಾದೋಕ್ ನಕ್ಕ ಹಾಗೆ ಮಾಡಿ ಜಾರಿಕೊಂಡ. ಹೇಡಿತನಕ್ಕೆ ಎಷ್ಟೊಂದು ಓಡಾಟ ಬೇಕು! ಅತ್ತ ಹಬ್ಬವೂ ಹತ್ತಿರ ಬಂದಿತ್ತು. ಎವ್ಯಾತಾರ್ ಸೈಪ್ರಸ್ಸಿನ ಟಿಕೆಟ್ಟು ತೆಗೆಸಿದ್ದ, ಎರಡು ಟಿಕೆಟ್ಟು.

ಹಬ್ಬದ ಹಿಂದಿನ ದಿನ ಸಅದ್ಯಾ ಮೇಷ್ಟ್ರು ತೀರಿಕೊಂಡರು. ಮಧ್ಯಾಹ್ನದ ಬಿಸಿಲಿನಲ್ಲಿ ಊರಿಗೆ ಊರೇ ಸ್ಮಶಾನದ ಕಡೆ ನಡೆಯಿತು. ಕೊಹೆನ್ ಆದ ಗಂಡಸು ಸಮಾಧಿಗಳ ನಡುವೆ ಕಾಲಿಡುವಂತಿಲ್ಲ, ಹೆಂಗಸರಿಗೆ ಆ ಕಟ್ಟಿಲ್ಲ. ತಂದೆತಾಯಿ, ಹೆಂಡತಿ ಮಕ್ಕಳು, ಅಂಥ ತೀರಾ ಹತ್ತಿರದವರನ್ನು ಮಣ್ಣು ಮಾಡುವ ದಿನ ಮಾತ್ರ ವಿನಾಯಿತಿ. ಹಾಗಾಗಿ ಬಿಲ್ಗಾ ಗಂಡಸರು ಯಾವಾಗಲೂ ಬೇಲಿಯ ಹೊರಗೆ ರಸ್ತೆಯಲ್ಲೇ ನಿಲ್ಲುವವರು. ಎವ್ಯಾತಾರ್ ಬಂದು ಅಲ್ಲೇ ನಿಂತ, ಪಕ್ಕದಲ್ಲಿ ಲಿಮೋರ್. ತ್ಸಾದೋಕನೂ ನಿಂತ.

ಚಟ್ಟ ಗೇಟು ದಾಟಿತು. ನನ್ನಪ್ಪನನ್ನು ಹತ್ತಿಸಿದವನು ಹೋಗುತ್ತಿದ್ದಾನೆ, ಇನ್ನು ಸುಮ್ಮನಿದ್ದರೆ ಈ ಜನ್ಮದಲ್ಲಿ ನಾನು ಇಳಿಯುವುದಿಲ್ಲ ಎಂದು ತ್ಸಾದೋಕನಿಗೆ ಅನ್ನಿಸಿತು. ಯೋಚಿಸಿದರೆ ಕಾಲು ಮತ್ತೆ ಕೋಳಿಮನೆಯ ಕಡೆ ತಿರುಗೀತೆಂಬ ಭಯಕ್ಕೆ ಯೋಚಿಸಲೇ ಇಲ್ಲ. ಜನರ ಹಿಂದೆಯೇ ಗೇಟಿನೊಳಗೆ ನಡೆದ.

"ತ್ಸಾದೋಕ್! ಹುಚ್ಚು ಹಿಡಿದಿದ್ಯಾ? ಹೊರಗೆ ನಡಿ!" ಚಟ್ಟಕ್ಕೆ ಹೆಗಲು ಕೊಟ್ಟಿದ್ದ ರಹಾಮಿಮ್ ಕೂಗಿದ.

"ನಾನು ಕೊಹೆನ್ ಅಲ್ಲ ರಹಾಮಿಮ್. ನಮ್ಮಪ್ಪನೂ ಅಲ್ಲ. ಗಡಿಗೆ ಮಾಡೋರು ನಾವು. ಹೆಸರು ನೋಡಿ ನಿಮ್ಮಪ್ಪ ಹತ್ತಿಸಿದ್ರು, ನಮ್ಮಪ್ಪನಿಗೆ ಬೇಡ ಅನ್ನೋಕೆ ಬಾಯಿ ಬರಲಿಲ್ಲ. ನನಗೂ ಇಷ್ಟು ದಿನ ಬರಲಿಲ್ಲ."

ಚಟ್ಟ ನಿಂತಿತು. ಹಿಂದಿನಿಂದ ಯಾರೋ, "ನನ್ನ ಮಗನ ಶಾಸ್ತ್ರ ಮಾಡಿದ್ದು ನೀನೇ ಅಲ್ವೇನೋ!" ಎಂದರು. ಇನ್ಯಾರೋ ಬೈದರು. ರಹಾಮಿಮ್ ಕೆಂಪು ಕಣ್ಣು ಬಿಟ್ಟು ಕೇಳಿದ.

"ನನ್ನ ಬಿಡಿಸಿಕೊಟ್ಟಿದ್ದು ನಿಮ್ಮಪ್ಪ. ನಂಗೀಗ ಅರವತ್ತು. ನಾನಿನ್ನೂ ಬಿಡುಗಡೆನೇ ಆಗಿಲ್ವಾ?"

"ಆಗು, ಯಾರು ಬೇಡ ಅಂದ್ರು?" ಎಂದಳು ಬದ್ರಾ, ಕೋಲೂರಿಕೊಂಡು ಹೆಂಗಸರ ನಡುವಿನಿಂದ. "ಅಂಗಡೀಲಿ ಬೆಳ್ಳಿ ಖಾಲಿಯಾಗಿಲ್ಲ. ಈಗ ನಿಮ್ಮಪ್ಪನನ್ನ ಮಲಗಿಸು, ಬಿಸಿಲಿದೆ."

ಮಲಗಿಸಿದರು. ತ್ಸಾದೋಕ್ ಗುದ್ದಲಿ ಕೇಳಿ ತೆಗೆದುಕೊಂಡು ಮಣ್ಣು ಎಳೆದ. ಯಾರೂ ಅವನ ಜೊತೆ ಮಾತಾಡಲಿಲ್ಲ, ಯಾರೂ ಗುದ್ದಲಿಯನ್ನು ಕಿತ್ತುಕೊಳ್ಳಲೂ ಇಲ್ಲ. ಪ್ರಾರ್ಥನೆ ಮುಗಿದು ಜನ ಗೇಟಿನ ಕಡೆ ಚದುರಿದರು. ಸಮಾಧಿಯ ಬಳಿ ರಹಾಮಿಮ್‌ನನ್ನು ಬಿಟ್ಟರೆ ಅವನು ಮಾತ್ರ ಹೋಗದೆ ನಿಂತು, ಸುತ್ತ ನೋಡಿದ. ಎಲ್ಲಿ ನೋಡಿದರೂ ಬಿಳಿ ಕಲ್ಲು. ಯೋನಾಳನ್ನು ಮಣ್ಣು ಮಾಡಿದ ದಿನ ಇಲ್ಲಿ ಇಷ್ಟು ಸಾಲುಗಳಿರಲಿಲ್ಲ. ಆಮೇಲೆ ವರ್ಷ ವರ್ಷವೂ ಅವಳ ದಿನಕ್ಕೆ ಹೆಣ್ಣುಮಕ್ಕಳನ್ನು ಒಳಗೆ ಕಳಿಸಿ, ತಾನು ಬೇಲಿಯಾಚೆ ನಿಂತು ಕಣ್ಣೊರೆಸಿಕೊಂಡಿದ್ದ. ಯಾರದೋ ನಾಚಿಕೆಗೆ, ಯಾರದೋ ಅವಸರಕ್ಕೆ, ಹೆಂಡತಿಯ ಕಲ್ಲನ್ನು ಒಮ್ಮೆ ಮುಟ್ಟದೆ ಏಳು ವರ್ಷ ಕಳೆದಿದ್ದ.

"ರಹಾಮಿಮ್," ಎಂದ ಮೆಲ್ಲಗೆ. "ನನ್ನ ಯೋನಾ ಎಲ್ಲಿದಾಳೋ?"

ರಹಾಮಿಮ್ ಅವನ ಮುಖ ನೋಡಿ, ಮಣ್ಣು ಮೆತ್ತಿದ ಕೈ ಎತ್ತಿ ತೋರಿಸಿದ. "ಆ ಗೋಡೆ ಪಕ್ಕದ ಸಾಲು. ದಾಳಿಂಬೆ ಗಿಡ ಇದೆಯಲ್ಲ, ಅಲ್ಲಿ. ನಮ್ಮನೆಯೋಳೇ ನೆಟ್ಟಿದ್ದು."

ಅವಳಿರುವ ಜಾಗ ಊರಿಗೆಲ್ಲ ಗೊತ್ತಿತ್ತು, ಅವನೊಬ್ಬನನ್ನು ಬಿಟ್ಟು. ತ್ಸಾದೋಕ್ ಹೋಗಿ ಕಲ್ಲಿನ ಮೇಲೆ ಅಂಗೈ ಇಟ್ಟ, ಬಿಸಿಲಿಗೆ ಕಾದಿತ್ತು. ಬೇಲಿಯಾಚೆ ಎವ್ಯಾತಾರ್ ಇನ್ನೂ ಸರಳು ಹಿಡಿದುಕೊಂಡೇ ನಿಂತಿದ್ದ, ಚಿಕ್ಕಂದಿನಿಂದ ನಿಂತ ಹಾಗೆ.

"ಬಾರೋ ಒಳಗೆ," ಎಂದು ತ್ಸಾದೋಕ್ ಕೂಗಿದ. "ಲಿಮೋರ್‌ನೂ ಕರ್ಕೊಂಡು ಬಾ. ನಿಮ್ಮಮ್ಮ ಸೊಸೇನ ನೋಡ್ಲಿ."