ಸಿಸ್ಟರ್ ಸುಕನ್ಯಾ ಎಣಿಸಿದ ಚುಕ್ಕಿಗಳು

ವಳಕಮದಿನ್ನಿಯ ಆರೋಗ್ಯ ಉಪಕೇಂದ್ರದಲ್ಲಿ ಸುಕನ್ಯಾ ಒಂಬತ್ತು ವರ್ಷಗಳಿಂದ ನರ್ಸು. ಊರಿಗೆಲ್ಲ ಸಿಸ್ಟರ್. ಯಾರ ಮನೆಯ ಕೂಸಿಗೆ ಯಾವ ಸೂಜಿ ಬಾಕಿ ಎಂಬುದು ಆಕೆಗೆ ಬಾಯಿಪಾಠ. ಇದೇ ಸಿಸ್ಟರು ಚಳಿಗಾಲದ ಅಮಾವಾಸ್ಯೆಯ ಆಸುಪಾಸು ಮಗಳಿಗೆ ಉಣ್ಣಿಸಿ, ಮಾಳಿಗೆ ಹತ್ತಿ ಚುಕ್ಕಿ ಎಣಿಸುತ್ತಾಳೆಂಬುದು ಕೆಲವರಿಗಷ್ಟೇ ಗೊತ್ತಿತ್ತು.

ಆ ಗೀಳು ಹಚ್ಚಿದವನು ಗಂಡ ವೀರೇಶ, ತುರ್ವಿಹಾಳದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ನಮ್ಮ ದೀಪಗಳ ಬೆಳಕು ಆಕಾಶವನ್ನು ಎಷ್ಟು ಮಸುಕು ಮಾಡಿದೆಯೆಂದು ತಿಳಿಯಲು, ಊರೂರಿನ ಜನ ಚುಕ್ಕಿ ಎಣಿಸಿ ವಿಜ್ಞಾನಿಗಳಿಗೆ ಲೆಕ್ಕ ಕಳಿಸುವ ಕೆಲಸವದು. ಮಹಾವ್ಯಾಧ ನಕ್ಷತ್ರಪುಂಜದ ನಾಲ್ಕು ಮೂಲೆಯ ಚುಕ್ಕಿ ಬಿಟ್ಟು, ಒಳಗಿನವು ಎಷ್ಟು ಕಾಣುತ್ತವೆಂದು ನೋಡಬೇಕು. ಪ್ರತಿವರ್ಷವೂ ಅದೇ ಜಾಗ. ಎಣಿಸುವ ಮೊದಲು ಕಣ್ಣು ಕತ್ತಲಿಗೆ ಹೊಂದಿಕೊಳ್ಳಲೆಂದು ಕಾಲು ಗಂಟೆ ಸುಮ್ಮನೆ ಕೂಡಬೇಕು, ಮೊಬೈಲನ್ನೂ ನೋಡುವಂತಿಲ್ಲ. ಹಗಲೆಲ್ಲ ಪುರುಸೊತ್ತಿಲ್ಲದ ಗಂಡಹೆಂಡಿರಿಗೆ ಆ ಕಾಲು ಗಂಟೆಯೇ ಸಂಸಾರ.

"ಎಷ್ಟು ಬಂದುವಲೇ?"

"ಹತ್ತೊಂಬತ್ತು."

"ಹದಿನೇಳ ಅದಾವ. ನಿನ್ನ ಮೂಗುಬಟ್ಟಿನ ಹರಳೂ ಸೇರಿಸೀಯೇನು?"

"ಮೊದ್ಲ ಕನ್ನಡಕ ಒರಸ್ಕೋರಿ ಮಾಸ್ತರ."

ಎರಡು ವರ್ಷದ ಹಿಂದೆ, ಎದೆ ಹಿಡಿದಂತಾಗುತ್ತಿದೆ ಎಂದ ವೀರೇಶ ಸಿಂಧನೂರಿನ ಆಸ್ಪತ್ರೆ ಮುಟ್ಟಲಿಲ್ಲ. ಆ ಚಳಿಗಾಲ ಸುಕನ್ಯಾ ಒಬ್ಬಳೇ ಮಾಳಿಗೆ ಹತ್ತಿದಳು. ಕತ್ತಲಲ್ಲಿ ಪಕ್ಕದ ಜಾಗ ಖಾಲಿಯಿರುವುದು ಕಾಣುತ್ತಿರಲಿಲ್ಲ. ಅಳು ಬಂದಷ್ಟು ಅತ್ತು, ಎಣಿಸಿ, ನೋಟ್‌ಬುಕ್ಕಿನಲ್ಲಿ ಬರೆದು ಇಳಿದಳು.

ಕಳೆದ ಮಳೆಗಾಲ ನಾಟಿ ಮುಗಿಸಿ ಕಾಲುವೆ ದಂಡೆಯ ಮೇಲೆ ಬರುತ್ತಿದ್ದ ಪಕೀರಮ್ಮನಿಗೆ ಮುಚ್ಚಂಜೆಯಲ್ಲಿ ಹಾವು ಕಚ್ಚಿತು. ಸುಕನ್ಯಾಳ ಮನೆಯೆದುರೇ ಅದು. ಕಾಲು ಅಲುಗದಂತೆ ಕಟ್ಟಿ, ಆಸೀಫನ ಆಟೋದಲ್ಲಿ ಸಿಂಧನೂರಿಗೆ ಒಯ್ದವಳೂ ಅವಳೇ. ಜೀವ ಉಳಿಯಿತು. ಕಾಲಿನ ಎರಡು ಬೆರಳು ಹೋದವು.

ದಂಡೆಯ ಕಂಬಕ್ಕೆ ದೀಪ ಯಾಕಿಲ್ಲ ಎಂದು ಕೇಳಲು ಸುಕನ್ಯಾ ಪಂಚಾಯಿತಿಗೆ ಹೋದಳು. ಮೆಂಬರ್ ಸೂಗಪ್ಪ ಹಳೆಯ ಫೈಲು ತೆಗೆಸಿ, ಒಂದು ಹಾಳೆಯನ್ನು ಅವಳ ಕಡೆ ತಿರುಗಿಸಿಟ್ಟ.

"ಮಂಜೂರಾಗಿತ್ರೀ ಸಿಸ್ಟರ್. ಮಾಸ್ತರು ಬ್ಯಾಡ ಅಂತ ಬರದುಕೊಟ್ರು, ಗುಡಿ ಕಡೆ ಹಾಕಿದ್ವಿ. ಅವರ ಮಾತು ಹ್ಯಾಂಗ ತಗದುಹಾಕೂದು?"

ವೀರೇಶನ ದುಂಡಕ್ಷರ. ಇಲ್ಲಿ ದೀಪ ಬಂದರೆ ನಾಲ್ಕು ವರ್ಷ ಮಾಡಿದ ಎಣಿಕೆ ಕೆಡುತ್ತದೆ ಎಂದಿತ್ತು. ಕೆಳಗೆ ಎರಡು ಸಹಿ. ಎರಡನೆಯದು ಅವಳದು. ಓದಿಯೇ ಹಾಕಿದ್ದಳು.

ಮನೆಗೆ ಹೋಗದೆ ನೆಟ್ಟಗೆ ಪಕೀರಮ್ಮನ ಗುಡಿಸಲಿಗೆ ಹೋದಳು.

"ಯಕ್ಕಾ, ಆ ಕಂಬಕ್ಕ ಲೈಟ್ ಬ್ಯಾಡ ಅಂದಾವ್ರು ನಾವ ನೋಡು. ನಾನೂ ಸಹಿ ಹಾಕೀನಿ."

ಪಕೀರಮ್ಮ ಗಾಯದ ಬಟ್ಟೆ ಬಿಚ್ಚುವುದನ್ನು ನಿಲ್ಲಿಸಿದಳು.

"ಮಾಸ್ತರೇನು ಹಾವಿಗೆ ಹೇಳಿ ಕಳಿಸಿದ್ರನ? ಬಿಡವ್ವ. ಆದ್ರ ಎರಡನೇ ಬೆಳಿಗೆ ನನ್ನ ಮಗಳು ನಾಟಿಗೆ ಹೊಂಟಾಳ. ಅದ ದಾರಿ ಆಕೀಗೂ. ಲೈಟ್ ಹಾಕಸು."

ಎರಡು ದಿನ ಸುಕನ್ಯಾ ಬಿಳಿ ಹಾಳೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ತಿರುಗಿದಳು. ಗಂಡನ ಮಾತಿನ ಮೇಲೆ ಮಾತು ಬರೆಯುವುದು, ಅದೂ ಬಂದು ಜಗಳವಾಡಲು ಅವನೇ ಇಲ್ಲದಾಗ. ಮೂರನೆಯ ದಿನ ಬರೆದಳು: ಹಿಂದಿನ ಅರ್ಜಿ ವಾಪಸ್ ಪಡೆದಿದ್ದೇನೆ, ದೀಪ ಹಾಕಿಸಿರಿ, ಬೆಳಕು ಕೆಳಗಷ್ಟೇ ಬೀಳುವಂತೆ ಮೇಲೊಂದು ಮುಚ್ಚಳವಿರಲಿ.

ಡಿಸೆಂಬರಿನಲ್ಲಿ ದೀಪ ಬಂತು. ಮುಚ್ಚಳ ಬರಲಿಲ್ಲ.

ಜನವರಿಯ ಅಮಾವಾಸ್ಯೆಗೆ ಮಾಳಿಗೆ ಹತ್ತಿ ಕಾಲು ಗಂಟೆ ಕೂತಳು. ಕಣ್ಣು ಕತ್ತಲಿಗೆ ಹೊಂದಲೇ ಇಲ್ಲ, ಹೊಂದಲು ಕತ್ತಲೆಲ್ಲಿತ್ತು? ಪಕ್ಕದ ಜಾಗದ ಗಚ್ಚು ಬೆಳ್ಳಗೆ, ಬರಿದಾಗಿ ಕಾಣುತ್ತಿತ್ತು. ಮೂರು ಸಲ ಎಣಿಸಿದಳು. ನಾಲ್ಕು. ಜಾಗ ಬದಲಿಸಿದರೆ ಹೆಚ್ಚು ಸಿಗುತ್ತಿದ್ದವೇನೋ, ಆದರೆ ಹಾಗೆ ಮಾಡುವಂತಿಲ್ಲ. ನಾಲ್ಕೆಂದೇ ಬರೆದು, ಪಕ್ಕದಲ್ಲಿ 'ಎದುರಿಗೆ ಹೊಸ ದೀಪ' ಎಂದು ಸೇರಿಸಿ ಕಳಿಸಿದಳು.

ಕೆಳಗೆ ನಾಟಿಯ ಹೆಂಗಸರು ತಡವಾಗಿ ಮನೆಗೆ ಹೊರಟಿದ್ದರು. ಮಗಳನ್ನು ಕರೆಯಲು ಬಂದ ಪಕೀರಮ್ಮ ಕುಂಟುತ್ತ ಮುಂದಿದ್ದಳು. ಕಂಬದ ಕೆಳಗೆ ನಿಂತು ತಲೆಯೆತ್ತಿದಳು.

"ಸಿಸ್ಟರ್, ಒಬ್ಬಾಕೀನ ಕುಂತು ಯಾಕ ಅಳಾಕತ್ತಿ?"

ಸುಕನ್ಯಾ ಗಲ್ಲ ಮುಟ್ಟಿ ನೋಡಿಕೊಂಡಳು.

"ಚಳಿಗೆ ಮೂಗು ಸೋರಾಕತ್ತೈತಿ ಯಕ್ಕಾ. ನಡೀರಿ ನೀವು."

ಯಾರೂ ನಡೆಯಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಇಳಿದುಬರುವತನಕ ಅಲ್ಲೇ ನಿಂತರು.

ಫೆಬ್ರವರಿಯಲ್ಲೂ ಅದೇ ಜಾಗದಲ್ಲಿ ಕೂತು ಎಣಿಸಿದಳು. ಅಳಲಿಲ್ಲ. ದಾರಿಯಲ್ಲಿ ಹೋಗುವವರಿಗೆ ಕಾಣುತ್ತದೆ.