ನೀರು ಕುಡಿಯದ ಅನುಪಮಾ

ಮಸ್ಕಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿರುವ ಅನುಪಮಾ ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಒಂದು ಗುಟುಕು ನೀರೂ ಕುಡಿಯುವುದಿಲ್ಲ. ಏಪ್ರಿಲ್ ಬಿಸಿಲಲ್ಲೂ ಇಲ್ಲ. "ನೀ ಏನ್ ಒಂಟೆ ಹೊಟ್ಟ್ಯಾಗ ಹುಟ್ಟೀಯೇನಬೇ?" ಎಂದು ಪಕ್ಕದ ಮೇಜಿನ ಶಿವರಂಜನಿ ಕಾಡುತ್ತಾಳೆ. ಏನೋ ವ್ರತ ಹಿಡಿದಿದ್ದಾಳೆಂದು ಉಳಿದವರು ತಿಳಿದಿದ್ದಾರೆ. ಅನುಪಮಾ ನಕ್ಕು ಕಡತ ತೆರೆಯುತ್ತಾಳೆ.

ಎರಡನೇ ವರ್ಷಕ್ಕೆ ಪೋಲಿಯೊ ಅವಳ ಎರಡೂ ಕಾಲು ತಿಂದಿತು. ಹದಿಮೂರಕ್ಕೆ ಶಾಲೆಯ ಕ್ರೀಡಾದಿನ ಬಂತು. ಆಟವಾಡುವವರ ಚೀಲ ಕಾಯಲು ಅವಳನ್ನು ಮರದ ಕೆಳಗೆ ಕೂರಿಸಿ ಎಲ್ಲರೂ ಮೈದಾನಕ್ಕೆ ಓಡಿದರು. ಮೂರು ತಾಸು ಯಾರೂ ಇತ್ತ ಹಾಯಲಿಲ್ಲ. ಕೊನೆಗೆ ಆಗಬಾರದ್ದು ಆಯಿತು. ಒದ್ದೆಯಾದ ಲಂಗದ ಮೇಲೆ ಊರವರ ಚೀಲಗಳನ್ನೆಲ್ಲ ಎಳೆದುಕೊಂಡು ಸಂಜೆ ಅಪ್ಪ ಅಂಬಪ್ಪ ಬಂದು ಎತ್ತುವವರೆಗೂ ಹಾಗೆಯೇ ಕೂತಿದ್ದಳು. ಆದರೂ ಹುಡುಗರು ಕಂಡರು, ನಕ್ಕರು. ಅಂದಿನಿಂದ ಮನೆಯಿಂದ ಹೊರಗೆ ಹೊರಟರೆ ನೀರು ಬಂದ್. ಮೂತ್ರಪಿಂಡದಲ್ಲಿ ಹರಳಾಗಿದೆ, ಹೀಗೇ ಮಾಡಿದರೆ ಕಷ್ಟ ಎಂದು ಡಾಕ್ಟರು ಹೆದರಿಸಿದ್ದೂ ಆಯಿತು. ಆ ಹೆದರಿಕೆ ಈ ಹೆದರಿಕೆಯ ಮುಂದೆ ಏನೂ ಅಲ್ಲ.

ಹೋದ ಫೆಬ್ರುವರಿಯಲ್ಲಿ ಪೀಟಿ ಮಾಸ್ತರ ಪಂಪಾಪತಿ ಕಚೇರಿಗೆ ಬಂದು, "ನಿಮ್ಮಂಥವರ ಒಂದು ಟೀಮ್ ಕಟ್ಟಾಕತ್ತೀನ್ರಿ, ಥ್ರೋಬಾಲ್. ಬರ್ರಿ," ಎಂದಾಗ ಅವಳಿಗೆ ಮೊದಲು ನೆನಪಾದದ್ದು ಆ ಮರದ ಕೆಳಗಿನ ಸಂಜೆ. ಆದರೂ ಹೋದಳು. ಎರೆಮಣ್ಣಿನ ಮೈದಾನದಲ್ಲಿ ಗಾಲಿ ಕುರ್ಚಿ ಹೂತುಹೋಗುತ್ತದೆ. ಅದಕ್ಕೆ ಮಾಸ್ತರರು ಸಿಂಧನೂರು ರಸ್ತೆಯ ರೈಸ್ ಮಿಲ್ಲಿನಲ್ಲಿ ಭತ್ತ ಒಣಗಿಸುವ ಸಿಮೆಂಟಿನ ಕಣ ಕೇಳಿದ್ದರು. ಮಾಲೀಕ ಅನಿಲಕುಮಾರ ಭಾನುವಾರಕ್ಕಷ್ಟೇ ಕೊಟ್ಟ. ಬಲೆ ತಗ್ಗಿಸಿ ಕಟ್ಟಿದರು. ಲಿಂಗಸುಗೂರಿನ ಮೆಹಬೂಬ್‌ಬೀ, ಮುಕ್ಕುಂದದ ನಿಂಗರಾಜ, ಇನ್ನೂ ಮೂವರು, ಎಲ್ಲರೂ ಗಾಲಿ ಕುರ್ಚಿಯವರೇ. ಮೊದಲ ಚೆಂಡು ಅಂಗೈಗೆ ಬಂದು ಬಡಿದಾಗ ಅನುಪಮಾಳಿಗೆ ಕಣ್ಣು ತುಂಬಿತು. ಅವಳತ್ತ ಯಾರಾದರೂ ಜೋರಾಗಿ ಏನನ್ನಾದರೂ ಎಸೆದದ್ದು ಮೂವತ್ತೊಂದು ವರ್ಷದಲ್ಲಿ ಅದೇ ಮೊದಲು.

ಎಂಟು ಭಾನುವಾರ ಆಡಿದಳು, ಎಂಟೂ ಭಾನುವಾರ ಜೀವ ಅಂಗೈಯಲ್ಲಿ ಹಿಡಿದೇ ಆಡಿದಳು. "ನೀರು ಕುಡೀರಿ," ಎಂದು ಮಾಸ್ತರರು ಕೂಗಿದಾಗಲೆಲ್ಲ ಎಲ್ಲರೂ ಬಾಟಲಿ ಎತ್ತುತ್ತಿದ್ದರು. ಅವಳೂ ಎತ್ತಿ, ತುಟಿ ಮುಚ್ಚಿಯೇ ಗಂಟಲು ಅಲುಗಿಸಿ ಇಳಿಸುತ್ತಿದ್ದಳು. ಮಿಲ್ಲಿನ ಸಂಡಾಸಿಗೆ ಮೂರು ಮೆಟ್ಟಿಲು. ಒಳಗೆ ಕುಕ್ಕರಗಾಲಲ್ಲಿ ಕೂರುವ ಕುಣಿ, ಸದಾ ಹಸಿ ನೆಲ. ಅದನ್ನು ಯಾರೂ ವಿಚಾರಿಸಲಿಲ್ಲ. ಎರಡು ಕಾಲಿದ್ದವರಿಗೆ ಅದು ಹೊಳೆಯುವುದೂ ಇಲ್ಲ ಬಿಡಿ.

ಒಂಬತ್ತನೇ ಭಾನುವಾರ ನಿಂಗರಾಜ ಚೆಂಡು ಹಿಡಿಯಲು ಬಾಗಿದವನು ಹಾಗೆಯೇ ಮುಗ್ಗರಿಸಿ ಸಿಮೆಂಟಿನ ಮೇಲೆ ಬಿದ್ದ. ಕಣ್ಣು ಮೇಲೆ ಹೋಗಿದ್ದವು. ಹಮಾಲರು ಓಡಿಬಂದು ನೆರಳಿಗೆ ಎತ್ತಿ ಮುಖಕ್ಕೆ ನೀರು ಹೊಡೆದರು. ಉಪ್ಪು ಸಕ್ಕರೆ ಕಲಸಿ ಬಾಯಿಗೆ ಬಿಟ್ಟ ಮೇಲೆ ಅವನು ಸಣ್ಣಗೆ ನರಳಿದ.

ಅಷ್ಟರಲ್ಲಿ ಅನಿಲಕುಮಾರ ಬಂದ. "ಮಾಸ್ತರ್ರ, ನಾಳೆ ಯಾರಿಗರ ಏನರ ಆದ್ರ ನನ್ನ ಕೊರಳಿಗೆ ಬರತೈತ್ರಿ. ಇವತ್ತಿಗೆ ಸಾಕು ಮಾಡ್ರಿ, ಇನ್ನ ಮ್ಯಾಲ ಇಲ್ಲಿ ಆಟ ಬ್ಯಾಡ."

ಪಂಪಾಪತಿ ಮಾಸ್ತರರ ಮುಖ ಇಳಿದುಹೋಗಿತ್ತು. "ಖರೇ ಐತ್ರಿ. ಇವರ ಮೈಗೆ ಈ ಬಿಸಲು ತಡ್ಯಂಗಿಲ್ಲ. ನಂದ ತಪ್ಪು."

ಅನುಪಮಾಳಿಗೆ ಆ ಮಾತು ಚುಚ್ಚಿತು. ಇವರ ಮೈ! ಬಾಯಿ ಬಿಟ್ಟರೆ ಇಷ್ಟು ಗಂಡಸರ ಮುಂದೆ ಮಾನ ಹೋಗುತ್ತದೆ, ಬಿಡದಿದ್ದರೆ ಚೆಂಡು ಹೋಗುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಎಂದು ಅವ್ವ ಅಯ್ಯಮ್ಮ ಹೇಳುತ್ತಿದ್ದುದು ನೆನಪಾಯಿತು.

"ಬಿಸಲಿಗೆ ಅಲ್ರಿ ಸರ್," ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ. ಮತ್ತೆ ಹೇಳಿದಳು. "ಅಂವ ನೀರು ಕುಡದಿಲ್ರಿ. ನಾನೂ ಕುಡದಿಲ್ಲ. ಕುಡದ್ರ ಹೋಗಾಕ ನಮಗ ಜಾಗ ಎಲ್ಲೈತ್ರಿ?"

ಬಾಟಲಿ ಎತ್ತಿ ತೋರಿಸಿದಳು. ಕಂಠಮಟ ತುಂಬಿತ್ತು. ಆಮೇಲೆ ಮೆಹಬೂಬ್‌ಬೀ ತಲೆ ತಗ್ಗಿಸಿ ತನ್ನದನ್ನು ಚೀಲದಿಂದ ತೆಗೆದು ತೊಡೆಯ ಮೇಲಿಟ್ಟಳು. ಉಳಿದವರೂ ಇಟ್ಟರು. ಒಂದರಲ್ಲೂ ಗುಟುಕು ನೀರು ಕಡಿಮೆಯಾಗಿರಲಿಲ್ಲ.

ಮಾಸ್ತರರು ಕಣದ ಅಂಚಿಗೆ ಕುಸಿದು ಕೂತರು. "ನಾ ತಾಸಿಗೊಮ್ಮೆ ಆ ಗ್ವಾಡಿ ಹಿಂದ ಹೋಗಿ ಬರತಿದ್ನಲ್ಲಪಾ," ಎಂದರು, ತಮಗೆ ತಾವೇ.

ಹಮಾಲರು ಲಾರಿಗೆ ಮೂಟೆ ಏರಿಸುವ ಹಲಗೆ ತಂದು ಮೆಟ್ಟಿಲ ಮೇಲೆ ಹಾಸಿದರು. ಅನಿಲಕುಮಾರ ಗೊಣಗುತ್ತಲೇ ತನ್ನ ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆಸಿ ಒಳಗೆ ಕಳಿಸಿದ. ಗೋಣಿಚೀಲದಿಂದ ನೆಲ ಒರೆಸಿದರು. ಅಷ್ಟಾದರೂ ಯಾರೂ ಬಾಟಲಿ ಮುಟ್ಟಲಿಲ್ಲ. ಅಷ್ಟು ವರ್ಷದ ಅಂಜಿಕೆ ಒಂದು ಹಲಗೆಗೆ ಹೋಗುತ್ತದೆಯೇ?

ಅನುಪಮಾ ಮುಚ್ಚಳ ತಿರುವಿ ಗಟಗಟ ಕುಡಿದಳು. ಬಿಸಿಲಿಗೆ ಕಾದ ನೀರು. "ಆಟ ಸುರು ಮಾಡ್ರಿ ಸರ್. ನಡುವ ನಾ ಹೋಗಿ ಬರತೀನಿ, ಆಟ ನಿಂದರಸಬ್ಯಾಡ್ರಿ."

ಅರ್ಧ ತಾಸಿಗೆ ಕಿಬ್ಬೊಟ್ಟೆ ಬಿಗಿಯಿತು. ಗಾಲಿ ತಿರುಗಿಸಿ ಹಲಗೆಯ ಬುಡಕ್ಕೆ ಬಂದಾಗ ಹದಿಮೂರರ ಆ ನಗು ಕಿವಿಯಲ್ಲಿ ಕೇಳಿದಂತಾಗಿ ಬೆನ್ನು ಬೆವರಿತು. ಜಾರಿದರೆ? ನಡುವೆಯೇ ಆಗಿಬಿಟ್ಟರೆ? ಹಮಾಲನೊಬ್ಬ ಹಿಂದೆ ಕೈ ಕೊಡಲು ಬಂದ. ಬೇಡವೆಂದಳು. ಹಲಗೆ ಕಿರ್ರೆಂದಿತು. ಒಬ್ಬಳೇ ಗಾಲಿ ತಳ್ಳಿಕೊಂಡು ಏರಿದಳು, ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆದರೆ ಕಣದಲ್ಲಿ ಆಟವೇ ಇರಲಿಲ್ಲ. ಹಲಗೆಯ ಬುಡದಲ್ಲಿ ಮೆಹಬೂಬ್‌ಬೀ ತನ್ನ ಗಾಲಿ ಕುರ್ಚಿ ತಂದು ನಿಲ್ಲಿಸಿದ್ದಳು. ಅವಳ ಹಿಂದೆ ಉಳಿದ ಮೂವರೂ ಖಾಲಿ ಬಾಟಲಿ ಹಿಡಿದು ಸಾಲಾಗಿ ಕಾಯುತ್ತಿದ್ದರು. "ಲಗೂ ಇಳಿಬೇ, ತಡ್ಯಾಕ ಆಗವಲ್ದು," ಎಂದಳು ಮೆಹಬೂಬ್‌ಬೀ.