ಒಕ್ಜು ಟೀಚರಿಗೆ ಬರುವ ಫೋಟೋಗಳು
ನಮ್ಮ ಪ್ರೌಢಶಾಲೆಯ ಆರೋಗ್ಯ ಶಿಕ್ಷಕಿ ಒಕ್ಜು ಅವರಿಗೆ ಸೋಮವಾರ ಬಂತೆಂದರೆ ಎದೆ ಡವಡವ. ಮಕ್ಕಳ ಫೋನಿಗೆ ಆರೋಗ್ಯಪಾಠದ ವಿಡಿಯೋ ಕಳಿಸಿ ಉಗುರು ಕಚ್ಚುತ್ತಾ ಕೂರುತ್ತಾರೆ. ಯಾರೂ ನೋಡದಿದ್ದರೆ ಚಿಂತೆ, ಎಲ್ಲರೂ ನೋಡಿದರೆ ಇನ್ನೂ ಚಿಂತೆ: “ಓಡಿಸಿ ಓಡಿಸಿ ನೋಡಿರ್ತಾರೆ ಕಣ್ರೀ!” ಅಂಗಡಿಯಲ್ಲಿ ರಾಮ್ಯೊನ್ ನೂಡಲ್ಸ್ ಹೀರುತ್ತಾ ಸಿಕ್ಕಿಬಿದ್ದ ಮಕ್ಕಳು ಎದ್ದು, ಬಗ್ಗಿ ನಮಸ್ಕರಿಸಿ, “ಟೀಚರ್, ಇದ್ರಲ್ಲಿ ಈರುಳ್ಳಿ ಇದೆ, ತರಕಾರೀನೇ!” ಎನ್ನುತ್ತಾರೆ. ದಿನವೂ ಬೆಳಗಿನ ಊಟದ ಫೋಟೋ ಕಳಿಸಬೇಕೆಂಬುದು ಟೀಚರ ಕಟ್ಟಪ್ಪಣೆ. ಸೊಲ್ಬಿ ಎಂಬ ಹುಡುಗಿ ಒಂದು ದಿನವೂ ತಪ್ಪಿಸಿಲ್ಲ. ಆದರೆ ಮೂರು ವಾರದಿಂದ ಅದೇ ಬಟ್ಟಲು, ಅದೇ ಹಬೆ, ಅಂಚಿಗಂಟಿದ ಅದೇ ಒಂದು ಅಗುಳು. ಒಕ್ಜು ಬೈಯುವುದಿಲ್ಲ. “ಮುಖ ಬಾಡಿದೆ, ಬಾ, ಸ್ವಲ್ಪ ಮಲಕ್ಕೋ” ಎಂದು ಅವಳನ್ನು ಆರೋಗ್ಯಕೋಣೆಗೆ ಕರೆದು, ದಿಂಬಿನ ಪಕ್ಕ ಬಿಸಿ ಅನ್ನದ ಉಂಡೆಯಿಟ್ಟು ಪರದೆ ಎಳೆಯುತ್ತಾರೆ; ಆಚೆಯಿಂದ ಅಗಿಯುವ ಸದ್ದು ಕೇಳುವವರೆಗೂ ಉಗುರು ಕಚ್ಚುತ್ತಲೇ ಇರುತ್ತಾರೆ.